ರಸ್ತೆ ಅಗಲವಾಯಿತು, ಆಚೆ ಬದಿ ದೂರವಾಯಿತು

ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳ ರಸ್ತೆಯಾಗಿ ಬದಲಾದ ಮೇಲೆ ಕಾಸರಗೋಡಿನವರಿಗೆ ಮಂಗಳೂರು ಹತ್ತಿರವಾಯಿತು. ಕಾರಿನಲ್ಲಿ ಹೋಗುವವರಿಗೆ, ಆಂಬುಲೆನ್ಸಿನಲ್ಲಿ ರೋಗಿಯನ್ನು ಕರೆದೊಯ್ಯುವವರಿಗೆ ಇದು ದೊಡ್ಡ ಅನುಕೂಲ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಹೆದ್ದಾರಿಯ ಪಕ್ಕದ ಮನೆಯ ಅಜ್ಜಿಗೆ ಕಣ್ಣೆದುರೇ ಕಾಣುವ ರೇಷನ್ ಅಂಗಡಿ ದೂರವಾಯಿತು. ಮೊದಲು ಆಚೆ ಈಚೆ ನೋಡಿ ಹತ್ತು ಹೆಜ್ಜೆಯಲ್ಲಿ ದಾಟುತ್ತಿದ್ದ ರಸ್ತೆಯನ್ನು ಈಗ ದಾಟಬೇಕಾದರೆ ಅಂಡರ್‌ಪಾಸ್ ಎಲ್ಲಿದೆ ಎಂದು ಹುಡುಕಿಕೊಂಡು ಹೋಗಬೇಕು.

"ಇಷ್ಟು ದೊಡ್ಡ ರಸ್ತೆ ಮಾಡುವಾಗ ನಡೆದು ಹೋಗುವವರ ನೆನಪು ಯಾರಿಗೂ ಬರಲಿಲ್ಲವೇ ಮಾರಾಯ್ರೇ?" ಎಂಬ ಪ್ರಶ್ನೆ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಬಸ್‌ ಸ್ಟ್ಯಾಂಡುಗಳಲ್ಲಿ ಕೇಳಿಬರುವಂಥದ್ದೇ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಇಂಜಿನಿಯರರ ಅಸಡ್ಡೆ, ಗುತ್ತಿಗೆದಾರರ ಲಾಭ, ರಾಜಕಾರಣಿಗಳ ಮೌನ ಎಂಬುದು. ಅದರಲ್ಲಿ ಎಷ್ಟು ಸತ್ಯ ಇದೆಯೋ ಇಲ್ಲವೋ, ಅದಕ್ಕಿಂತ ಮುಂಚಿನ ಒಂದು ಕಾರಣ ಇದೆ. ರಸ್ತೆಯ ಮೇಲೆ ಜಲ್ಲಿ ಬೀಳುವ ಮೊದಲೇ, ನಕ್ಷೆ ಬರೆಯುವ ಮೊದಲೇ, ಎಲ್ಲಿ ಎಷ್ಟು ಅಗಲ, ಎಷ್ಟು ವೇಗ, ಎಷ್ಟು ಎತ್ತರ ಎಂಬ ಅಂಕಿಗಳು ಪುಸ್ತಕದಲ್ಲಿ ನಿಗದಿಯಾಗಿರುತ್ತವೆ. ಈ ಅಂಕಿಗಳಿಗೇ ರಸ್ತೆ ವಿನ್ಯಾಸದ ಮಾನದಂಡ ಎನ್ನುತ್ತಾರೆ. ನಡೆಯುವವನ ಪಾಡು ಏನಾಗಬೇಕು ಎಂಬುದನ್ನು ಬಹಳ ಮಟ್ಟಿಗೆ ನಿರ್ಧರಿಸುವುದು ಅವೇ.

ಎರಡು ಪುಸ್ತಕಗಳು

ನಮ್ಮ ದೇಶದ ರಸ್ತೆಗಳ ಮಾನದಂಡಗಳನ್ನು ರೂಪಿಸುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ. ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಇದು ಆರಂಭವಾಯಿತು. ಹೆಸರಿನಲ್ಲಿ ಕಾಂಗ್ರೆಸ್ ಎಂದಿದ್ದರೂ ರಾಜಕೀಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಹೆದ್ದಾರಿ ಇಂಜಿನಿಯರರ ಸಂಸ್ಥೆ. ಇದು ಪ್ರಕಟಿಸುವ ಪುಸ್ತಕಗಳಿಗೆ ಐಆರ್‌ಸಿ ಎಂಬ ಮೂರಕ್ಷರದ ಜೊತೆ ಒಂದು ಸಂಖ್ಯೆ ಇರುತ್ತದೆ.

ಆರು ಪಥದ ಹೆದ್ದಾರಿ ಹೇಗಿರಬೇಕು ಎನ್ನುವುದಕ್ಕೆ ಐಆರ್‌ಸಿ ಎಸ್‌ಪಿ 87 ಎಂಬ ಕೈಪಿಡಿ ಇದೆ. ನಡೆದು ಹೋಗುವವರಿಗೆ ಯಾವ ಸೌಕರ್ಯ ಇರಬೇಕು ಎನ್ನುವುದಕ್ಕೆ ಐಆರ್‌ಸಿ 103 ಎಂಬ ಇನ್ನೊಂದು ಪುಸ್ತಕ ಇದೆ. ಈ ಎರಡನೆಯದು 1988ರಲ್ಲಿ ಮೊದಲ ಬಾರಿಗೆ ಬಂತು, 2012ರಲ್ಲಿ ಪರಿಷ್ಕರಣೆಯಾಯಿತು, 2022ರಲ್ಲಿ ಮತ್ತೊಮ್ಮೆ ಹೊಸದಾಯಿತು. ಅಂದರೆ ಪಾದಚಾರಿಗಳ ವಿಷಯದಲ್ಲಿ ನಿಯಮವೇ ಇಲ್ಲ ಎನ್ನುವ ಮಾತು ಸರಿಯಲ್ಲ. ನಿಯಮ ಇದೆ.

ವ್ಯತ್ಯಾಸ ಇರುವುದು ಎರಡು ಪುಸ್ತಕಗಳ ತೂಕದಲ್ಲಿ. ಹೆದ್ದಾರಿಯ ಕೈಪಿಡಿ ಗುತ್ತಿಗೆಯ ಕರಾರಿನ ಭಾಗವಾಗಿ ಬರುತ್ತದೆ. ಅದರಂತೆ ಕೆಲಸ ಆಗದಿದ್ದರೆ ಬಿಲ್ ಪಾಸಾಗುವುದು ಕಷ್ಟ. ಪಾದಚಾರಿಗಳ ಪುಸ್ತಕದ ಮೇಲೆ ಬರೆದಿರುವುದು 'ಮಾರ್ಗಸೂಚಿ' ಎಂದು. ಮಾರ್ಗಸೂಚಿ ಎಂದರೆ ಹೀಗೆ ಮಾಡಿದರೆ ಒಳ್ಳೆಯದು ಎಂಬ ಹಿರಿಯರ ಸಲಹೆಯ ಹಾಗೆ. ಜಾಗ ಇದ್ದರೆ ಪಾಲಿಸುತ್ತಾರೆ, ಇಕ್ಕಟ್ಟಾದರೆ ಮೊದಲು ಕೈಬಿಡುವುದು ಅದನ್ನೇ.

ಮೊದಲು ಬರುವ ಅಂಕಿ ವೇಗ

ಹೆದ್ದಾರಿಯ ವಿನ್ಯಾಸ ಶುರುವಾಗುವುದು ಒಂದೇ ಒಂದು ಅಂಕಿಯಿಂದ. ಅದು ವಿನ್ಯಾಸ ವೇಗ. ಬಯಲು ಪ್ರದೇಶದ ಆರು ಪಥಕ್ಕೆ ಅದು ಗಂಟೆಗೆ 100 ಕಿಲೋಮೀಟರ್. ಈ ಅಂಕಿ ಬರೆದ ಕೂಡಲೇ ಉಳಿದವೆಲ್ಲ ಅದರ ಹಿಂದೆ ಸಾಲಾಗಿ ಬರುತ್ತವೆ. ತಿರುವು ಎಷ್ಟು ಅಗಲವಾಗಿರಬೇಕು, ಏರು ಎಷ್ಟು ನಿಧಾನವಾಗಿರಬೇಕು, ಪಥ ಎಷ್ಟು ಮೀಟರ್ ಇರಬೇಕು, ಅಡ್ಡ ರಸ್ತೆ ಬಂದು ಸೇರಬಹುದೇ ಇಲ್ಲವೇ, ಎಲ್ಲವೂ ವೇಗವನ್ನು ಅನುಸರಿಸಿ ತೀರ್ಮಾನವಾಗುತ್ತವೆ.

ವೇಗಕ್ಕೂ ನಡೆಯುವವನಿಗೂ ಇರುವ ಸಂಬಂಧ ತಿಳಿಯಲು ಒಂದು ಲೆಕ್ಕ ಸಾಕು. ಎದುರಿಗೆ ಏನೋ ಕಂಡಾಗ ಚಾಲಕನಿಗೆ ಬ್ರೇಕ್ ಹಾಕಿ ವಾಹನ ನಿಲ್ಲಿಸಲು ಬೇಕಾಗುವ ದೂರವನ್ನು ಐಆರ್‌ಸಿ ನಿಗದಿ ಮಾಡಿದೆ. ಗಂಟೆಗೆ 50 ಕಿಲೋಮೀಟರ್ ವೇಗಕ್ಕೆ ಅದು 60 ಮೀಟರ್. 100 ಕಿಲೋಮೀಟರ್ ವೇಗಕ್ಕೆ 180 ಮೀಟರ್. ವೇಗ ಎರಡು ಪಟ್ಟು ಆದರೆ ನಿಲ್ಲಲು ಬೇಕಾದ ದೂರ ಮೂರು ಪಟ್ಟು ಆಯಿತು.

ಈಗ ದಾಟುವವನ ಕಡೆಯಿಂದ ನೋಡಬೇಕು. ಸಾಧಾರಣ ಆರೋಗ್ಯವಂತ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂದು ಲೆಕ್ಕ ಹಿಡಿಯುತ್ತಾರೆ. ಹಳೆಯ ಎರಡು ಪಥದ ರಸ್ತೆಯ ಡಾಮರು ಭಾಗ ಸುಮಾರು 7 ಮೀಟರ್. ಅದನ್ನು ದಾಟಲು ಸುಮಾರು 6 ಸೆಕೆಂಡು. 50 ಕಿಲೋಮೀಟರ್ ವೇಗದ ಬಸ್ಸು ಆ 6 ಸೆಕೆಂಡಿನಲ್ಲಿ ಸುಮಾರು 83 ಮೀಟರ್ ಬರುತ್ತದೆ. ಅಂದರೆ ನೂರು ಮೀಟರ್ ಆಚೆ ಬಸ್ಸು ಕಂಡರೆ ಧೈರ್ಯ ಮಾಡಿ ದಾಟಬಹುದಿತ್ತು.

ಹೊಸ ಹೆದ್ದಾರಿಯಲ್ಲಿ ಒಂದು ದಿಕ್ಕಿನ ಮೂರು ಪಥಗಳೇ 10.5 ಮೀಟರ್. ಅವನ್ನು ದಾಟಲು ಸುಮಾರು 9 ಸೆಕೆಂಡು ಬೇಕು. ಅಷ್ಟರಲ್ಲಿ 100 ಕಿಲೋಮೀಟರ್ ವೇಗದ ಕಾರು ಸುಮಾರು 250 ಮೀಟರ್ ಬಂದುಬಿಡುತ್ತದೆ. ಮಂಡಿನೋವಿನ ಅಜ್ಜಿ ಸೆಕೆಂಡಿಗೆ 0.9 ಮೀಟರ್ ನಡೆದರೆ ಅವರಿಗೆ ಬೇಕಾದ ಅಂತರ ಮುನ್ನೂರು ಮೀಟರಿಗಿಂತ ಹೆಚ್ಚು. ಅಷ್ಟು ದೂರದ ಕಾರು ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ, ಅದರ ವೇಗ ಅಂದಾಜಿಗೆ ಸಿಗುವುದಿಲ್ಲ. ಇಷ್ಟಾಗಿ ತಲುಪುವುದು ಡಿವೈಡರಿಗೆ. ಇನ್ನರ್ಧ ದಾಟುವುದು ಬಾಕಿ.

ಪೆಟ್ಟಿನ ಲೆಕ್ಕವೂ ಹಾಗೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಕಾರಿನ ವೇಗ ಗಂಟೆಗೆ 50ರಿಂದ 65 ಕಿಲೋಮೀಟರಿಗೆ ಏರಿದರೆ, ಅದು ಡಿಕ್ಕಿ ಹೊಡೆದ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ. ವೇಗದ ಹೆಚ್ಚಳ 15 ಕಿಲೋಮೀಟರ್ ಮಾತ್ರ. ದೇಶದಲ್ಲಿ 2023ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 1.73 ಲಕ್ಷ ಜನ. ಅವರಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಐವರಲ್ಲಿ ಒಬ್ಬರು ವಾಹನದಲ್ಲಿ ಇರಲೇ ಇಲ್ಲ.

ಇದನ್ನು ಬಲ್ಲ ಕಾರಣಕ್ಕೇ ಇಂತಹ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಜನ ನಡೆದು ದಾಟುವ ವ್ಯವಸ್ಥೆ ಇಡುವುದಿಲ್ಲ. ಬೇಲಿ, ತಡೆಗೋಡೆ ಹಾಕಿ ಮುಚ್ಚುತ್ತಾರೆ. ವೇಗದ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ಆದರೆ ಮುಚ್ಚಿದ ಮೇಲೆ ದಾಟುವುದಕ್ಕೆ ಬದಲಿ ದಾರಿ ಎಷ್ಟು ಹತ್ತಿರ ಕೊಟ್ಟಿದ್ದಾರೆ ಎಂಬುದರ ಮೇಲೆ ಊರಿನ ಬದುಕು ನಿಂತಿದೆ.

45 ಮೀಟರಿನ ಪಾಲು

ಬೇರೆ ರಾಜ್ಯಗಳಲ್ಲಿ ಆರು ಪಥದ ಹೆದ್ದಾರಿಗೆ ಸಾಮಾನ್ಯವಾಗಿ 60 ಮೀಟರ್ ಅಗಲದ ಜಾಗ ತೆಗೆದುಕೊಳ್ಳುತ್ತಾರೆ. ಕೇರಳದಲ್ಲಿ ಮನೆಗಳು ಒತ್ತೊತ್ತಾಗಿವೆ, ಜಾಗದ ಬೆಲೆಯೂ ಜಾಸ್ತಿ. ವರ್ಷಗಟ್ಟಲೆ ಚರ್ಚೆ, ಚಳವಳಿ ನಡೆದು ಕೊನೆಗೆ 45 ಮೀಟರಿಗೆ ಒಪ್ಪಿಗೆಯಾಯಿತು. ಮನೆ, ಅಂಗಡಿ, ತೋಟ ಉಳಿಸಿಕೊಳ್ಳಲು ಜನರೇ ಕೇಳಿದ್ದು ಇದು. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಜಾಗ ಕಡಿಮೆಯಾದಾಗ ಯಾವ ಪಾಲು ಕಡಿಮೆಯಾಯಿತು ಎಂದು ನೋಡಬೇಕು. ಆರು ಪಥ, ನಡುವಿನ ಡಿವೈಡರ್, ಅಂಚು ಸೇರಿ ಮುಖ್ಯ ರಸ್ತೆಗೆ ಸುಮಾರು 27 ಮೀಟರ್. ಎರಡೂ ಬದಿಯ ಸರ್ವೀಸ್ ರಸ್ತೆಗಳಿಗೆ ತಲಾ ಸುಮಾರು 6.75 ಮೀಟರಿನಂತೆ ಹದಿಮೂರೂವರೆ. ಉಳಿಯುವುದು ನಾಲ್ಕೂವರೆ ಮೀಟರ್, ಅಂದರೆ ಒಂದು ಬದಿಗೆ ಎರಡೂ ಕಾಲು ಮೀಟರ್. ಮಳೆನೀರಿನ ಚರಂಡಿ, ನೀರಿನ ಪೈಪು, ಕೇಬಲ್ಲು, ವಿದ್ಯುತ್ ಕಂಬ, ದಾರಿದೀಪ, ಬೋರ್ಡು ಎಲ್ಲವೂ ಅಲ್ಲಿಯೇ ಆಗಬೇಕು. ಅವೆಲ್ಲ ಕೂತ ಮೇಲೆ ಮಿಕ್ಕಿದ ಜಾಗ ನಡೆಯುವವನದು.

ವೇಗಕ್ಕೆ ಬೇಕಾದ ಅಂಕಿಗಳು ಮೊದಲು ಬರೆದವು, ಆದ್ದರಿಂದ ಅವು ಕದಲುವುದಿಲ್ಲ. ಒಂದು ಪಥ ಮೂರೂವರೆ ಮೀಟರ್ ಎಂದರೆ ಅಷ್ಟೇ. ಫುಟ್‌ಪಾತ್ ಕೊನೆಗೆ ಬರೆದದ್ದು, ಆದ್ದರಿಂದ ಕುಗ್ಗುವುದೂ ಅದೇ. ಮದುವೆ ಮನೆಯಲ್ಲಿ ನೆಂಟರೆಲ್ಲ ಉಂಡು ಎದ್ದ ಮೇಲೆ ಕೊನೆಯ ಪಂಕ್ತಿಯವರಿಗೆ ತಳದ ಸಾರು ಬಡಿಸಿದ ಹಾಗೆ.

ಫುಟ್‌ಪಾತ್ ಎಂದರೆ ಚರಂಡಿಯ ಚಪ್ಪಡಿಯೇ?

ನಮ್ಮ ಕಡೆ ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಸಿದರೆ ಅದಕ್ಕೇ ಫುಟ್‌ಪಾತ್ ಎಂಬ ಹೆಸರು. ಪುಸ್ತಕ ಹೇಳುವುದು ಬೇರೆಯೇ. ಐಆರ್‌ಸಿ 103ರ 2012ರ ಪರಿಷ್ಕರಣೆಯ ಪ್ರಕಾರ ಮನೆಗಳಿರುವ ಪ್ರದೇಶದಲ್ಲಿ ಫುಟ್‌ಪಾತಿನ ಕನಿಷ್ಠ ಅಗಲ 1.8 ಮೀಟರ್. ಅಂಗಡಿ ಪೇಟೆಯಲ್ಲಿ ಎರಡೂವರೆ ಮೀಟರ್. 1988ರ ಪುಸ್ತಕದಲ್ಲಿ ಕನಿಷ್ಠ ಒಂದೂವರೆ ಮೀಟರ್ ಇತ್ತು, ಅದನ್ನು ಹೆಚ್ಚಿಸಿದರು. 1.8 ಮೀಟರ್ ಏಕೆ ಎಂದರೆ ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ಒಂದನ್ನೊಂದು ದಾಟಿ ಹೋಗಲು ಅಷ್ಟು ಬೇಕು.

ಇಲ್ಲಿ ಅಗಲ ಎಂದರೆ ಅಡ್ಡಿ ಇಲ್ಲದ ಅಗಲ. ನಡುವೆ ಕಂಬ ಇದ್ದರೆ ಕಂಬ ಬಿಟ್ಟು ಉಳಿದದ್ದನ್ನು ಅಳೆಯಬೇಕು. ತಲೆಯ ಮೇಲೆ 2.2 ಮೀಟರ್ ಎತ್ತರಕ್ಕೆ ಬೋರ್ಡು, ಕೊಂಬೆ ಏನೂ ಇರಬಾರದು. ಫುಟ್‌ಪಾತಿನ ಅಂಚಿನ ಎತ್ತರ ರಸ್ತೆಯಿಂದ 150 ಮಿಲಿಮೀಟರ್, ಅಂದರೆ ಸುಮಾರು ಅರ್ಧ ಅಡಿ ಮೀರಬಾರದು.

ಈ ಕೊನೆಯ ಅಂಕಿ ನೋಡಲು ಸಣ್ಣದು, ಪರಿಣಾಮ ದೊಡ್ಡದು. ಚಪ್ಪಡಿ ಒಂದೂವರೆ ಅಡಿ ಎತ್ತರದಲ್ಲಿದ್ದರೆ ವಯಸ್ಸಾದವರು ಅದನ್ನು ಹತ್ತುವುದಿಲ್ಲ, ಕೆಳಗೆ ರಸ್ತೆಯಲ್ಲೇ ನಡೆಯುತ್ತಾರೆ. ಪ್ರತಿ ಮನೆಯ ಗೇಟಿನೆದುರು ಚಪ್ಪಡಿ ಇಳಿದು ಮತ್ತೆ ಏರಿದರೆ ತಲೆಯ ಮೇಲೆ ಹೊರೆ ಇರುವವರು ಹತ್ತಿ ಇಳಿಯುವ ಬದಲು ರಸ್ತೆಯನ್ನೇ ಹಿಡಿಯುತ್ತಾರೆ. ಚಪ್ಪಡಿಗಳ ನಡುವಿನ ಸಂದು ಅಗಲವಾದರೆ ಕುರುಡರ ಕೋಲು ಸಿಕ್ಕಿಕೊಳ್ಳುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಒಂದು ಚಪ್ಪಡಿ ಜಾರಿಹೋದರೆ ತೋಡಿನ ಹಾಗೆ ಹರಿಯುವ ನೀರಿನಲ್ಲಿ ಆ ಹೊಂಡ ಕಾಣುವುದೇ ಇಲ್ಲ. ಆಮೇಲೆ 'ಫುಟ್‌ಪಾತ್ ಮಾಡಿಕೊಟ್ಟರೂ ಜನ ರಸ್ತೆಯಲ್ಲೇ ನಡೆಯುತ್ತಾರೆ' ಎಂಬ ದೂರು ಬರುತ್ತದೆ. ಜನ ಶಿಸ್ತು ಇಲ್ಲದೆ ಹಾಗೆ ಮಾಡುವುದಲ್ಲ. ಅಳತೆ ತಪ್ಪಿದ ಫುಟ್‌ಪಾತಿಗಿಂತ ರಸ್ತೆಯೇ ನಡೆಯಲು ಸುಲಭ ಎಂದು ಅವರ ಕಾಲಿಗೆ ಗೊತ್ತಿರುತ್ತದೆ.

ಬಸ್ಸಿನವರು ದಿನಕ್ಕೊಮ್ಮೆ ದಾಟಲೇಬೇಕು

ಹೆದ್ದಾರಿ ದಾಟುವವರು ಯಾರು ಎಂದು ಕೇಳಿದರೆ ಶಾಲೆಯ ಮಕ್ಕಳು, ಮಸೀದಿಗೆ, ದೇವಸ್ಥಾನಕ್ಕೆ ಹೋಗುವವರು, ಕಡಲ ಕಡೆಯಿಂದ ಮೀನು ಹೊತ್ತು ಬರುವ ಹೆಂಗಸರು ಎಂಬ ಉತ್ತರ ಬರುತ್ತದೆ. ಬಿಟ್ಟುಹೋಗುವ ಒಂದು ದೊಡ್ಡ ಗುಂಪು ಬಸ್ ಪ್ರಯಾಣಿಕರದು. ಬೆಳಿಗ್ಗೆ ಮಂಗಳೂರಿನ ಬಸ್ಸು ಹತ್ತುವುದು ರಸ್ತೆಯ ಒಂದು ಬದಿಯಲ್ಲಿ. ಸಂಜೆ ಹಿಂದಿರುಗಿ ಇಳಿಯುವುದು ಇನ್ನೊಂದು ಬದಿಯಲ್ಲಿ. ಮನೆ ಯಾವ ಬದಿಯಲ್ಲಿದ್ದರೂ ದಿನಕ್ಕೆ ಒಂದು ಸಲ ಹೆದ್ದಾರಿ ದಾಟದೆ ಉಪಾಯವಿಲ್ಲ. ಮಂಗಳೂರಿನ ಕಾಲೇಜಿಗೆ ಹೋಗುವ ಹುಡುಗಿ, ಆಸ್ಪತ್ರೆಗೆ ಹೋಗುವ ರೋಗಿ, ಅಂಗಡಿ ಕೆಲಸಕ್ಕೆ ಹೋಗುವವರು ಎಲ್ಲರೂ ಇದರಲ್ಲಿ ಸೇರಿದರು.

ಹಾಗಾಗಿ ಬಸ್ ನಿಲ್ದಾಣ ಎಲ್ಲಿ, ಅಂಡರ್‌ಪಾಸ್ ಎಲ್ಲಿ ಎಂಬ ಎರಡು ಪ್ರಶ್ನೆಗಳು ಬೇರೆ ಬೇರೆಯಲ್ಲ. ಎರಡೂ ಒಂದೇ ಕಡೆ ಇರಬೇಕು. ನಿಲ್ದಾಣದಿಂದ ಅಂಡರ್‌ಪಾಸ್ ಅರ್ಧ ಕಿಲೋಮೀಟರ್ ದೂರ ಇದ್ದರೆ ಏನಾಗುತ್ತದೆ? ಅಲ್ಲಿಯವರೆಗೆ ಅರ್ಧ ಕಿಲೋಮೀಟರ್, ದಾಟಿದ ಮೇಲೆ ಎದುರು ಬದಿಯಲ್ಲಿ ಅಷ್ಟೇ ದೂರ ವಾಪಸು. 45 ಮೀಟರ್ ಆಚೆ ಇರುವ ಜಾಗಕ್ಕೆ ಒಂದು ಕಿಲೋಮೀಟರ್ ನಡಿಗೆ. ಆರೋಗ್ಯವಂತನಿಗೆ 14 ನಿಮಿಷ. ನಿಧಾನ ನಡೆಯುವವರಿಗೆ 20 ನಿಮಿಷ. ಮಳೆಗಾಲದಲ್ಲಿ, ಕೈಯಲ್ಲಿ ಮಗು ಮತ್ತು ಚೀಲ ಇದ್ದರೆ ಇನ್ನೂ ಹೆಚ್ಚು. ಆಗ ಕೆಲವರು ಬೇಲಿಯ ಸಂದಿನಲ್ಲಿ ನುಗ್ಗಿ ದಾಟಲು ನೋಡುತ್ತಾರೆ. ಅಪಘಾತವಾದರೆ ಸುದ್ದಿಯಲ್ಲಿ 'ಪಾದಚಾರಿಯ ಅಜಾಗರೂಕತೆ' ಎಂದು ಬರುತ್ತದೆ. ನಕ್ಷೆಯಲ್ಲಿ ಅಂಡರ್‌ಪಾಸನ್ನು ಅರ್ಧ ಕಿಲೋಮೀಟರ್ ಆಚೆಗೆ ಇಟ್ಟದ್ದನ್ನು ಯಾರೂ ಬರೆಯುವುದಿಲ್ಲ.

ಅಂಡರ್‌ಪಾಸ್ ಇಲ್ಲದಲ್ಲಿ ಪಾದಚಾರಿ ಮೇಲ್ಸೇತುವೆ ಕೊಡುತ್ತಾರೆ. ಖರ್ಚು ಕಡಿಮೆ, ಕೆಲಸ ಬೇಗ. ಆದರೆ ಲಾರಿಗಳು ಕೆಳಗೆ ಹೋಗಬೇಕಾದ್ದರಿಂದ ಸೇತುವೆ ಸುಮಾರು 6 ಮೀಟರ್ ಮೇಲಿರಬೇಕು. ಒಂದು ಮೆಟ್ಟಿಲು 15 ಸೆಂಟಿಮೀಟರ್ ಎಂದರೆ ಹತ್ತಲು 40 ಮೆಟ್ಟಿಲು, ಇಳಿಯಲು 40 ಮೆಟ್ಟಿಲು. ಎರಡು ಮಾಳಿಗೆ ಹತ್ತಿ ಇಳಿದ ಹಾಗೆ. ಗಾಲಿಕುರ್ಚಿಗೆ ಇಳಿಜಾರು ದಾರಿ ಮಾಡುವುದಾದರೆ 12 ಮೀಟರ್ ಉದ್ದಕ್ಕೆ ಒಂದು ಮೀಟರ್ ಏರು ಎಂಬುದು ನಿಯಮ. 6 ಮೀಟರ್ ಏರಲು 72 ಮೀಟರ್ ಉದ್ದದ ಇಳಿಜಾರು ಒಂದು ಬದಿಗೆ ಬೇಕು, ಇನ್ನೊಂದು ಬದಿಗೂ ಅಷ್ಟೇ. ಎರಡೂ ಕಾಲು ಮೀಟರಿನ ಅಂಚಿನಲ್ಲಿ ಅದಕ್ಕೆ ಜಾಗ ಎಲ್ಲಿಂದ ಬರಬೇಕು? ಉಳಿಯುವುದು ಲಿಫ್ಟ್. ಲಿಫ್ಟಿಗೆ ಕರೆಂಟು ಬೇಕು, ನೋಡಿಕೊಳ್ಳುವವರು ಬೇಕು.

ಕಾಸರಗೋಡು ಜಿಲ್ಲೆಗೆ ಇದು ಬರೀ ಅಂಕಿಯ ವಿಷಯವಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸಿಂಪಡಿಸಿದ್ದರ ಫಲವಾಗಿ ನಡೆಯಲಾಗದ, ಎದ್ದು ನಿಲ್ಲಲಾಗದ ಮಕ್ಕಳನ್ನು, ಈಗ ಪ್ರಾಯಕ್ಕೆ ಬಂದವರನ್ನು ಎತ್ತಿಕೊಂಡು ಆಸ್ಪತ್ರೆಗೆ ಅಲೆಯುವ ತಾಯಂದಿರು ಇರುವ ಜಿಲ್ಲೆ ಇದು. ಅವರ ಪಾಲಿಗೆ 80 ಮೆಟ್ಟಿಲಿನ ಸೇತುವೆಯೂ ಒಂದೇ, ಸೇತುವೆ ಇಲ್ಲದಿರುವುದೂ ಒಂದೇ.

ಎಣಿಕೆಗೆ ಸಿಗದವರು

ಹೆದ್ದಾರಿ ಬಿಟ್ಟು ಒಳಗಿನ ರಸ್ತೆಗಳಿಗೆ ಬಂದರೆ, ಉದಾಹರಣೆಗೆ ಕುಂಬಳೆ–ಬದಿಯಡ್ಕ ಅಥವಾ ಚೆರ್ಕಳ–ಜಾಲ್ಸೂರು ರಸ್ತೆಗಳಂತಹ ಕಡೆ, ಸಿಗ್ನಲ್ ಅಥವಾ ನಿಯಂತ್ರಿತ ಜೀಬ್ರಾ ಕ್ರಾಸಿಂಗ್ ಎಲ್ಲಿ ಬೇಕು ಎಂದು ತೀರ್ಮಾನಿಸಲು ಐಆರ್‌ಸಿ 103ರಲ್ಲಿ ಒಂದು ಸೂತ್ರ ಇದೆ. ಅತಿ ಹೆಚ್ಚು ದಟ್ಟಣೆಯ ಒಂದು ಗಂಟೆಯಲ್ಲಿ ಎಷ್ಟು ಜನ ದಾಟುತ್ತಾರೆ ಎಂದು ಎಣಿಸಬೇಕು. ಅದೇ ಗಂಟೆಯಲ್ಲಿ ಎಷ್ಟು ವಾಹನ ಹೋಗುತ್ತವೆ ಎಂದು ಎಣಿಸಬೇಕು. ವಾಹನಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಜನರ ಸಂಖ್ಯೆಯಿಂದ ಗುಣಿಸಬೇಕು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಉತ್ತರ 10 ಕೋಟಿ ಮೀರಿದರೆ, ಡಿವೈಡರ್ ಇರುವಲ್ಲಿ 20 ಕೋಟಿ ಮೀರಿದರೆ, ಅಲ್ಲಿ ದಾಟುವ ವ್ಯವಸ್ಥೆ ಬೇಕು.

ಗಂಟೆಗೆ ಸಾವಿರ ವಾಹನ ಹೋಗುವ ರಸ್ತೆ ಎಂದುಕೊಳ್ಳೋಣ. ಸಾವಿರವನ್ನು ಸಾವಿರದಿಂದ ಗುಣಿಸಿದರೆ 10 ಲಕ್ಷ. ಹತ್ತು ಕೋಟಿ ಮುಟ್ಟಲು ಗಂಟೆಗೆ ನೂರು ಜನ ದಾಟಬೇಕು. ಹಳ್ಳಿಯ ಕವಲುದಾರಿಯಲ್ಲಿ ಶಾಲೆ ಬಿಡುವ ಹೊತ್ತಿಗೆ ನಲವತ್ತು ಮಕ್ಕಳು ದಾಟಿದರೆ ಅದು ಲೆಕ್ಕಕ್ಕೆ ಸಾಲದು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಸೂತ್ರ ಎಣಿಸುವುದು ದಾಟಿದವರನ್ನು. ಹೆದರಿ ದಾಟದವರನ್ನು ಎಣಿಸುವ ದಾರಿ ಅದರಲ್ಲಿಲ್ಲ. ರಸ್ತೆ ಅಪಾಯ ಎಂದು ಮಗುವನ್ನು ಆಟೋದಲ್ಲಿ ಕಳಿಸುವ ತಂದೆ, ಸಂಜೆಯ ಭಜನೆಗೆ ಹೋಗುವುದನ್ನು ಬಿಟ್ಟ ಅಜ್ಜ, ಆಚೆ ಬದಿಯ ತಂಗಿಯ ಮನೆಗೆ ತಿಂಗಳಿಗೊಮ್ಮೆ ಮಾತ್ರ ಹೋಗುವ ಅಕ್ಕ, ಇವರು ಯಾರೂ ಎಣಿಕೆಗೆ ಸಿಗುವುದಿಲ್ಲ. ರಸ್ತೆ ಹೆಚ್ಚು ಅಪಾಯವಾದಷ್ಟೂ ದಾಟುವವರು ಕಡಿಮೆಯಾಗುತ್ತಾರೆ. ದಾಟುವವರು ಕಡಿಮೆ ಎಂದು ಕ್ರಾಸಿಂಗ್ ಸಿಗುವುದಿಲ್ಲ. ಹೊಳೆಯಲ್ಲಿ ಈಜಿ ದಾಟುವವರನ್ನು ಎಣಿಸಿ ಸೇತುವೆ ಬೇಕೋ ಬೇಡವೋ ಎಂದು ನಿರ್ಧರಿಸಿದ ಹಾಗಾಯಿತು ಇದು.

1988ರ ಪುಸ್ತಕದಲ್ಲಿಯೇ ಬೇರೆ ಕೆಲವು ಆಧಾರಗಳನ್ನೂ ಕೊಟ್ಟಿದ್ದಾರೆ. ವಾಹನಗಳ ವೇಗ ಗಂಟೆಗೆ 65 ಕಿಲೋಮೀಟರ್ ಮೀರುವುದು ಅದರಲ್ಲಿ ಒಂದು. ದಾಟುವವರು ತುಂಬಾ ಹೊತ್ತು ಕಾಯಬೇಕಾಗುವುದು ಇನ್ನೊಂದು. ವರ್ಷದಲ್ಲಿ ಐದು ಅಥವಾ ಹೆಚ್ಚು ಪಾದಚಾರಿಗಳು ವಾಹನ ಬಡಿದು ಗಾಯಗೊಳ್ಳುವುದು ಮತ್ತೊಂದು. ಈ ಕೊನೆಯದಕ್ಕೆ ಕಾಯುವುದು ಎಂದರೆ ಏನು ಎಂದು ವಿವರಿಸಬೇಕಾಗಿಲ್ಲ. ಮೊದಲ ಎರಡು ಆಧಾರಗಳ ಮೇಲೆ ಯಾವ ಪಂಚಾಯತೂ ಇವತ್ತೇ ಬೇಡಿಕೆ ಇಡಬಹುದು.

ಹಾಗಾದರೆ ಹೆದ್ದಾರಿ ಬೇಡವೇ?

ಹಾಗೇನೂ ಅಲ್ಲ. ಹಳೆಯ ಎರಡು ಪಥದ ರಸ್ತೆ ಸ್ವರ್ಗವಾಗಿರಲಿಲ್ಲ. ಎದುರಿನಿಂದ ಬರುವ ಟ್ಯಾಂಕರ್, ಓವರ್‌ಟೇಕ್ ಮಾಡುವ ಬಸ್ಸು, ಅಂಚಿನ ಹೊಂಡ, ರಾತ್ರಿಯ ಕತ್ತಲೆ, ಎಲ್ಲ ಸೇರಿ ಅಲ್ಲಿಯೂ ಜನ ಸತ್ತಿದ್ದಾರೆ. ದೂರ ಹೋಗುವ ವಾಹನಗಳನ್ನು ಊರಿನ ಓಡಾಟದಿಂದ ಬೇರ್ಪಡಿಸುವುದು ತತ್ವದಲ್ಲಿ ಒಳ್ಳೆಯದೇ. ಮುಖ್ಯ ರಸ್ತೆ ವೇಗಕ್ಕೆ, ಸರ್ವೀಸ್ ರಸ್ತೆ ಊರಿಗೆ ಎಂಬ ಹಂಚಿಕೆ ಅದು.

ಸೋಲುವುದು ಸರ್ವೀಸ್ ರಸ್ತೆಯನ್ನೂ ಚಿಕ್ಕ ಹೆದ್ದಾರಿಯಂತೆ ಕಟ್ಟಿದಾಗ. ಊರಿನವರ ಪಾಲಿಗೆ ಬಂದದ್ದು ಈ 6.75 ಮೀಟರ್. ಬಸ್ಸು, ಆಟೋ, ಸ್ಕೂಟರು, ಸೈಕಲ್ಲು, ನಡೆಯುವವರು ಎಲ್ಲ ಇದರಲ್ಲೇ. ಇಲ್ಲಿ ವಾಹನ ನಿಧಾನವಾಗಿ ಹೋಗಬೇಕು. ಬೋರ್ಡು ಹಾಕಿದರೆ ನಿಧಾನವಾಗುವುದಿಲ್ಲ. ರಸ್ತೆಯ ಆಕಾರವೇ ಚಾಲಕನಿಗೆ ಹೇಳಬೇಕು. ನೇರವಾದ, ನುಣುಪಾದ, ಅಗಲವಾದ ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ತಿರುವಿನ ಮೂಲೆ ದುಂಡಗೆ ಅಗಲವಾಗಿದ್ದರೆ ವೇಗ ಇಳಿಸದೆ ತಿರುಗಿಸುತ್ತಾರೆ, ಅಲ್ಲಿ ದಾಟುವವನ ದೂರವೂ ಹೆಚ್ಚಾಗುತ್ತದೆ. ಅದೇ ಮೂಲೆ ಚೂಪಾಗಿದ್ದರೆ ವಾಹನ ನಿಧಾನಿಸಲೇಬೇಕು. ಜೀಬ್ರಾ ಪಟ್ಟಿಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ನಡೆಯುವವನು ಇಳಿಯಬೇಕಾಗಿಲ್ಲ, ವಾಹನವೇ ಏರಿ ಇಳಿಯಬೇಕು. ಇವು ಯಾವುದಕ್ಕೂ ಹೆಚ್ಚು ಜಾಗ ಬೇಡ.

ಇದೇ ಪುಸ್ತಕಗಳನ್ನು ಇಟ್ಟುಕೊಂಡು ಬೇರೆ ಬಗೆಯ ರಸ್ತೆ ಮಾಡಿದ್ದೂ ಇದೆ. ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಫುಟ್‌ಪಾತನ್ನು ಅಗಲ ಮಾಡಿ, ನೀರು, ಕೇಬಲ್, ಚರಂಡಿಗಳನ್ನು ಅದರ ಅಡಿಯಲ್ಲಿ ಕ್ರಮವಾಗಿ ಕೂರಿಸಿ, ವಾಹನಗಳ ಪಥವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ಇಳಿಸಿದರು. ರೆಸಿಡೆನ್ಸಿ ರಸ್ತೆಯಲ್ಲಿ ನಡೆದವರಿಗೆ ಇದು ಗೊತ್ತಿರುತ್ತದೆ. ಖರ್ಚು ಹೆಚ್ಚು ಎಂಬ ಟೀಕೆ ಬಂತು, ನಗರದ ನಡುವಿನ ಕೆಲವೇ ರಸ್ತೆಗಳಿಗೆ ಮಾತ್ರ ಎಂಬ ಆಕ್ಷೇಪವೂ ಬಂತು. ಆದರೆ ಫುಟ್‌ಪಾತನ್ನು ಮೊದಲು ಬರೆದು ಉಳಿದದ್ದನ್ನು ವಾಹನಕ್ಕೆ ಬಿಟ್ಟರೆ ರಸ್ತೆ ಹೇಗಾಗುತ್ತದೆ ಎಂದು ಕಣ್ಣಾರೆ ನೋಡಲು ಅದು ಸಾಕು.

ಕಾನೂನಿನ ಬೆಂಬಲ

ಮಾರ್ಗಸೂಚಿಗೆ ತೂಕ ಕಡಿಮೆ ಎಂಬುದು ನಿಜವಾದರೂ, ಇತ್ತೀಚಿನ ವರ್ಷಗಳಲ್ಲಿ ಸ್ಥಿತಿ ಸ್ವಲ್ಪ ಬದಲಾಗಿದೆ. 2019ರಲ್ಲಿ ಮೋಟಾರು ವಾಹನ ಕಾಯಿದೆಗೆ ತಿದ್ದುಪಡಿ ಬಂದಾಗ 198ಎ ಎಂಬ ಸೆಕ್ಷನ್ ಸೇರಿತು. ಅದರ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಮಾನದಂಡ ಪಾಲಿಸದೆ ಇದ್ದುದರಿಂದ ಸಾವು ಅಥವಾ ಅಂಗವಿಕಲತೆ ಉಂಟಾದರೆ, ಹೊಣೆಯಾದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಆಗಲಿ ಒಂದು ಲಕ್ಷ ರೂಪಾಯಿವರೆಗೆ ದಂಡ ತೆರಬೇಕು. ಒಂದು ಜೀವಕ್ಕೆ ಒಂದು ಲಕ್ಷ ಎಂಬುದು ಸಣ್ಣ ಮೊತ್ತ. ಆದರೂ ಅಪಘಾತಕ್ಕೆ ಚಾಲಕ ಮತ್ತು ಪಾದಚಾರಿ ಮಾತ್ರವಲ್ಲ, ರಸ್ತೆ ಬರೆದವರೂ ಹೊಣೆಯಾಗಬಹುದು ಎಂದು ಕಾನೂನು ಒಪ್ಪಿದ್ದು ಅಲ್ಲಿ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಅಡ್ಡಿಯಿಲ್ಲದ ಮತ್ತು ಅಂಗವಿಕಲರೂ ಬಳಸಬಹುದಾದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಪಾದಚಾರಿಗಳ ಓಡಾಟ ಮತ್ತು ರಸ್ತೆಗಳ ವಿನ್ಯಾಸದ ಬಗ್ಗೆ ನಿಯಮ ರೂಪಿಸುವಂತೆ ರಾಜ್ಯಗಳಿಗೆ ಆರು ತಿಂಗಳ ಗಡುವು ಕೊಟ್ಟಿತು.

ಊರವರ ಕೈಯಲ್ಲಿ ಏನಿದೆ?

ಮೊದಲನೆಯದು ಅಳತೆ ಟೇಪು. ಫುಟ್‌ಪಾತಿನ ಅಡ್ಡಿಯಿಲ್ಲದ ಅಗಲ, ಅಂಚಿನ ಎತ್ತರ, ಬಸ್ ನಿಲ್ದಾಣದಿಂದ ಅಂಡರ್‌ಪಾಸಿಗೆ ಇರುವ ದೂರ, ಈ ಮೂರನ್ನು ಅಳೆದು ಬರೆದುಕೊಳ್ಳಬೇಕು. 'ನಡೆಯಲು ತುಂಬಾ ತೊಂದರೆ' ಎಂಬ ಮನವಿಗೆ 'ಪರಿಶೀಲಿಸಲಾಗುವುದು' ಎಂಬ ಉತ್ತರ ಬರುತ್ತದೆ. '1.8 ಮೀಟರ್ ಇರಬೇಕಾದಲ್ಲಿ 70 ಸೆಂಟಿಮೀಟರ್ ಇದೆ' ಎಂದು ಬರೆದರೆ ಅಂಕಿಗೆ ಅಂಕಿಯಲ್ಲೇ ಉತ್ತರ ಕೊಡಬೇಕಾಗುತ್ತದೆ.

ಎರಡನೆಯದು ಎಣಿಕೆ. ಶಾಲೆಯ ಹೊತ್ತಿನಲ್ಲಿ, ಸಂಜೆ ಬಸ್ಸು ಇಳಿಯುವ ಹೊತ್ತಿನಲ್ಲಿ ಎಷ್ಟು ಜನ ದಾಟುತ್ತಾರೆ, ಎಷ್ಟು ವಾಹನ ಹೋಗುತ್ತವೆ ಎಂದು ಯುವಕ ಸಂಘದವರೋ ಕುಟುಂಬಶ್ರೀ ಘಟಕದವರೋ ಒಂದು ಗಂಟೆ ಕೂತು ಎಣಿಸಬಹುದು. ಜೊತೆಗೆ ಹತ್ತಿರದ ಮನೆಗಳಲ್ಲಿ ದಾಟುವುದನ್ನು ಬಿಟ್ಟವರು ಯಾರು ಎಂದು ಕೇಳಿ ಪಟ್ಟಿ ಮಾಡಬೇಕು. ಇಂಜಿನಿಯರರ ಎಣಿಕೆಯಲ್ಲಿ ಸಿಗದವರು ಈ ಪಟ್ಟಿಯಲ್ಲಿ ಸಿಗುತ್ತಾರೆ.

ಮೂರನೆಯದು ಕಾಗದ. ಹೆದ್ದಾರಿಯ ಗುತ್ತಿಗೆ ಕರಾರಿಗೆ ಶೆಡ್ಯೂಲ್ ಎಂಬ ಅನುಬಂಧಗಳಿರುತ್ತವೆ. ಶೆಡ್ಯೂಲ್ ಬಿ ಮತ್ತು ಸಿ ಭಾಗಗಳಲ್ಲಿ ಅಂಡರ್‌ಪಾಸ್, ಸರ್ವೀಸ್ ರಸ್ತೆ, ಬಸ್ ನಿಲ್ದಾಣ ಮುಂತಾದವು ಎಲ್ಲೆಲ್ಲಿ ಎಂಬ ಪಟ್ಟಿ ಇರುತ್ತದೆ. ಯಾವ ಮಾನದಂಡ ಪಾಲಿಸಬೇಕು ಎಂಬುದು ಶೆಡ್ಯೂಲ್ ಡಿಯಲ್ಲಿ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಇವನ್ನು ಕೇಳಿ ಪಡೆಯಬಹುದು. ಕಾಗದದಲ್ಲಿ ಇದ್ದು ನೆಲದ ಮೇಲೆ ಇಲ್ಲದಿದ್ದರೆ ಗುತ್ತಿಗೆದಾರರನ್ನು ಕೇಳಬೇಕು. ಕಾಗದದಲ್ಲೇ ಇಲ್ಲದಿದ್ದರೆ ಪ್ರಾಧಿಕಾರವನ್ನು ಕೇಳಬೇಕು. ಯಾರನ್ನು ಕೇಳಬೇಕೆಂದು ತಿಳಿಯದೆ ಇಬ್ಬರ ನಡುವೆ ಅಲೆಯುವುದು ಇದರಿಂದ ತಪ್ಪುತ್ತದೆ.

ನಾಲ್ಕನೆಯದು ಭಾಷೆ. ಇಂಗ್ಲಿಷ್ ಬಾರದು, ಮಲಯಾಳದಲ್ಲಿ ಬರೆಯಲು ಕಷ್ಟ ಎಂದು ಹಿಂಜರಿಯುವ ಕನ್ನಡಿಗರು ಗಡಿಭಾಗದಲ್ಲಿ ಕಡಿಮೆಯಿಲ್ಲ. ಸಂವಿಧಾನದ 350ನೇ ವಿಧಿಯ ಪ್ರಕಾರ ಕುಂದುಕೊರತೆಯ ಮನವಿಯನ್ನು ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಕನ್ನಡದಲ್ಲಿ ಬರೆದುಕೊಟ್ಟರೂ ಅದು ಮನವಿಯೇ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ರಸ್ತೆ ಕಟ್ಟಿದ ಮೇಲೆ ಒಂದು ಅಂಡರ್‌ಪಾಸ್ ಸೇರಿಸಬೇಕೆಂದರೆ ಹೋರಾಟ ಬೇಕು, ಕೋಟಿಗಟ್ಟಲೆ ಹಣ ಬೇಕು. ನಕ್ಷೆಯ ಹಂತದಲ್ಲಿ ಅದಕ್ಕೆ ಬೇಕಾದದ್ದು ಒಂದು ಗೆರೆ. ಜಿಲ್ಲೆಯ ಒಳನಾಡಿನ ರಸ್ತೆಗಳು ಇನ್ನೂ ಒಂದೊಂದಾಗಿ ಅಗಲವಾಗುತ್ತ ಬರುತ್ತವೆ. ಮುಂದಿನ ಸಲ ಸರ್ವೆಯವರು ಕಲ್ಲು ಹಾಕಲು ಬಂದಾಗ 'ನಮ್ಮ ಜಾಗ ಎಷ್ಟು ಹೋಗುತ್ತದೆ, ಪರಿಹಾರ ಎಷ್ಟು' ಎಂದು ಕೇಳುವುದು ಸಹಜ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ಆಚೆ ಬದಿಗೆ ನಡೆದು ಹೋಗುವುದು ಎಲ್ಲಿಂದ?